ಮೇಲಿನ ಸುರುಳಿಯ ಕಾಗದ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯೋದು ಸೆಕೆಂಡಕ್ಕ ಅಂತ. ಸುಮ್ಮನೆ ಬಂದ ಹೆಸರಲ್ಲ. ವಿದ್ಯುತ್ ಇಲಾಖೆಯ ಆ ಉದ್ದನೆಯ ಕೋಣೆಯಲ್ಲಿ, ಸಣ್ಣದೊಂದು ಗಾಜಿನ ಕೊಳವೆಯ ಮುಂದೆ ಕೂತು, ನೀಲಿ ದ್ರಾವಣ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯೋಕೆ ಎಷ್ಟು ಸೆಕೆಂಡು ಅಂತ ನೋಡುತ್ತಾ ಹತ್ತೊಂಬತ್ತು ವರ್ಷ ಕಳೆದಿದ್ದಾಳೆ. ಬಸ್ಸು ಎರಡು ನಿಮಿಷ ತಡವಾದರೆ ಕಂಡಕ್ಟರನ ಗ್ರಹಚಾರ ಬಿಡಿಸುವ ಹೆಂಗಸು.

ಇಷ್ಟಕ್ಕೂ ಆ ಕೊಳವೆಯಲ್ಲಿ ಇಳಿಯೋದೇನು? ಕಾಗದ! ದೊಡ್ಡ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗೆ ತಾಮ್ರದ ಸುರುಳಿಗಳಿಗೆ ಮರದ ನಾರಿನ ಕಾಗದ ಸುತ್ತಿ ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಹೊಸ ನಾರಿನೊಳಗೆ ಸಾವಿರ ಮಣಿ ಪೋಣಿಸಿದ ಹಾಗೆ ಉದ್ದುದ್ದ ಸರಪಳಿ. ಬಿಸಿ ತಿಂದೂ ತಿಂದೂ ಅದು ತುಂಡಾಗುತ್ತಾ ಬರುತ್ತದೆ. ಕಾಗದವನ್ನು ಕರಗಿಸಿ ಕೊಳವೆಗೆ ಬಿಟ್ಟರೆ, ಸರಪಳಿ ಉದ್ದವಿದ್ದಾಗ ದ್ರಾವಣ ಮಂದವಾಗಿ ನಿಧಾನಕ್ಕೆ ಇಳಿಯುತ್ತದೆ. ತುಂಡಾಗಿದ್ದರೆ ಸರ್ರನೆ ಇಳಿದುಬಿಡುತ್ತದೆ. ಮಣಿ ಇನ್ನೂರಕ್ಕೆ ಬಂತೋ, ಆ ಕಾಗದದ ಕಥೆ ಮುಗಿಯಿತು. ಆಮೇಲೆ ಸ್ವಿಚ್ಚು ಹಾಕಿದಾಗಿನದೋ ಸಿಡಿಲಿನದೋ ಒಂದು ಜೋರಾದ ಏಟು ಬಿದ್ದರೆ ಸಾಕು, ಕಾಗದ ಉದುರಿ, ತಾಮ್ರಕ್ಕೆ ತಾಮ್ರ ತಾಗಿ, ಅಷ್ಟೂ ಎಣ್ಣೆಗೆ ಬೆಂಕಿ ಹತ್ತಬಹುದು.

ಆ ದಿನ ಅವಳ ಮುಂದಿದ್ದದ್ದು ದೊಡ್ಡಾಸ್ಪತ್ರೆಗೆ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರಿನ ಕಾಗದ. ಇಪ್ಪತ್ತೆಂಟು ವರ್ಷ ದುಡಿದ ಯಂತ್ರ. ಎಣ್ಣೆ ಬಸಿದು, ಮುಚ್ಚಳ ತೆರೆದು, ಹಿಂದಿನ ದಿನವೇ ಕಾಗದದ ಚೂರು ತೆಗೆದು ಕಳಿಸಿದ್ದರು. ಮೂರು ಗಂಟೆಗೆ ಅವಳ ಸಹಿ ಬಿದ್ದ ವರದಿ ಸಿಕ್ಕರೆ ಮುಚ್ಚಳ ಹಾಕಿ ಎಣ್ಣೆ ತುಂಬುವುದು, ನಾಡಿದ್ದು ಬೆಳಗ್ಗೆ ಸ್ವಿಚ್ಚು ಹಾಕುವುದು. ಒಮ್ಮೆ ಮುಚ್ಚಿದ ಮೇಲೆ ಒಳಗೆ ಇಣುಕಿ ನೋಡೋರು ಯಾರೂ ಇಲ್ಲ. ಆಸ್ಪತ್ರೆ ಐದು ದಿನದಿಂದ ಜನರೇಟರಿನ ಮೇಲೆ ನಡೆಯುತ್ತಿತ್ತು. ದೊಡ್ಡ ಇಂಜಿನಿಯರಿಗೆ ಗಂಟೆಗೊಂದು ಫೋನು.

ಮೂರು ಸಲ ಇಳಿಸಿದಳು. ಮೂರು ಸಲವೂ ಒಂದೇ ಉತ್ತರ: ಮಣಿ ಆರುನೂರ ನಲವತ್ತು. ಇನ್ನೂ ಎಷ್ಟೋ ವರ್ಷ ಬಾಳುವ ಕಾಗದ. ಬೇರೆ ಯಾರಾದರೂ ಆಗಿದ್ದರೆ ಸಹಿ ಗೀಚಿ ಊಟಕ್ಕೆ ಹೋಗುತ್ತಿದ್ದರು. ಅವಳು ಮಾತ್ರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಹೋದ ತಿಂಗಳು ಇದೇ ಯಂತ್ರದ ಎಣ್ಣೆಯನ್ನೂ ಅವಳೇ ನೋಡಿದ್ದಳು. ಕಾಗದ ಮುರಿದು ಬಿದ್ದಾಗ ಎಣ್ಣೆಗೆ ಇಳಿಯುವ ಕಶ್ಮಲ ಅದರಲ್ಲಿ ಧಾರಾಳವಾಗಿತ್ತು. ಎಣ್ಣೆ ಹೇಳುತ್ತದೆ ಮುದುಕ ಹಾಸಿಗೆ ಹಿಡಿದಿದ್ದಾನೆ ಅಂತ, ಕಾಗದ ಹೇಳುತ್ತದೆ ಮದುವೆಗೆ ಹೆಣ್ಣು ನೋಡಿ ಅಂತ. ಎರಡರಲ್ಲಿ ಒಂದು ಸುಳ್ಳು.

ಬಾಟಲಿಯ ಚೀಟಿ ತಿರುಗಿಸಿ ನೋಡಿದಳು. ‘ಮೇಲಿನ ಸುರುಳಿ’ ಅಂತ ಬರೆದಿತ್ತು. ಬಿಸಿ ಹೆಚ್ಚಾಗಿ ತಟ್ಟೋದು ಮೇಲೆಯೇ, ಕಾಗದ ಮೊದಲು ಸಾಯೋದೂ ಅಲ್ಲೇ. ಕೆಳಗಿನ ಸುರುಳಿ ತಣ್ಣಗಿರುತ್ತದೆ, ಅದರ ಕಾಗದ ಗಟ್ಟಿಯಾಗಿಯೇ ಉಳಿದಿರುತ್ತದೆ, ಪಕ್ಕದ ಕಿಂಡಿಯಿಂದ ಕೈ ಹಾಕಿದರೆ ಸಿಗುತ್ತದೆ. ಮೇಲಿನದಕ್ಕಾದರೆ ಮನುಷ್ಯ ಮುಚ್ಚಳದ ತೂತಿನೊಳಗೆ ತಲೆಕೆಳಗಾಗಿ ಇಳಿಯಬೇಕು. ಚೀಟಿಯ ಮೇಲಿನ ಅಕ್ಷರ ಟ್ರಾನ್ಸ್‌ಫಾರ್ಮರ್ ಅಂಗಳದ ಫೋರ್ಮನ್ನನದು. ಅಂದರೆ ಅವಳ ಗಂಡನದು.

ಅವಳಿಗೆ ಮನೆಯ ಬಚ್ಚಲು ನೆನಪಾಯಿತು. ಹೋದ ವರ್ಷ ಇಂಥದ್ದೇ ಇನ್ನೊಂದು ಟ್ರಾನ್ಸ್‌ಫಾರ್ಮರಿನ ತೊಟ್ಟಿಗೆ ಇಳಿದಾಗ ಒಳಗೆ ಉಸಿರಾಡೋ ಗಾಳಿಯೇ ಇರದೆ ಅವನು ಎಚ್ಚರ ತಪ್ಪಿದ್ದ, ಹಗ್ಗ ಎಳೆದು ಮೇಲೆ ತಂದಿದ್ದರು. ಮನೆಗೆ ಬಂದು, “ಸ್ವಲ್ಪ ತಲೆ ಸುತ್ತಿತು, ಅಷ್ಟೇ” ಅಂದು ನಕ್ಕಿದ್ದ. ಅಂದಿನಿಂದ ಬಚ್ಚಲ ಬಾಗಿಲಿಗೆ ಚಿಲಕ ಹಾಕೋದು ಬಿಟ್ಟ. ಲಿಫ್ಟು ಹತ್ತೋದೂ ಬಿಟ್ಟ. ಕೇಳಿದರೆ ವ್ಯಾಯಾಮ ಅನ್ನುತ್ತಿದ್ದ. ಅಯ್ಯೋ, ಇಷ್ಟು ದಿನ ನಂಗೆ ಹೊಳೀಲೇ ಇಲ್ವಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು.

ಸಹಿ ಹಾಕಿದರೆ ಅವಳನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಸೆಕೆಂಡು ಸರಿಯಿದೆ, ಚೀಟಿ ಅವನದು. ಹಾಕದಿದ್ದರೆ ಸುಳ್ಳು ಚೀಟಿ ಬರೆದವನ ಕೆಲಸಕ್ಕೆ ಸಂಚಕಾರ. ಆದರೆ ನಾಡಿದ್ದು ಸ್ವಿಚ್ಚು ಹಾಕುವಾಗ ಆ ಯಂತ್ರದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಬೇಕಾದವನೂ ಅವನೇ. ಅದರಾಚೆ ಒಂದಿಡೀ ಆಸ್ಪತ್ರೆ. ಎರಡೂ ಹತ್ತಕ್ಕೆ ಸಹಿಯಿಲ್ಲದ ವರದಿ ಹಿಡಿದು ಅಂಗಳಕ್ಕೆ ಹೊರಟಳು.

“ಬಂದ್ರಾ? ಕೊಡಿ ಕೊಡಿ,” ಅಂತ ದೊಡ್ಡ ಇಂಜಿನಿಯರು ಕೈ ಚಾಚಿದರು.

“ಇನ್ನೊಂದು ಚೂರು ಬೇಕು ಸರ್. ಮೇಲಿನ ಸುರುಳಿದು. ನನ್ನ ಕಣ್ಣೆದುರಿಗೇ ತೆಗೀಬೇಕು.”

“ನಿನ್ನೆ ತೆಗೆದದ್ದಕ್ಕೆ ಏನಾಗಿದೆ? ಚೆನ್ನಾಗಿ ಬರ್ಲಿಲ್ವಾ?”

“ಚೆನ್ನಾಗಿ ಬಂದಿದೆ. ಅದಕ್ಕೇ ನಂಬಿಕೆ ಬರ್ತಿಲ್ಲ. ಎಣ್ಣೆ ಬೇರೆಯೇ ಹೇಳ್ತಿದೆ.”

ಪಕ್ಕದಲ್ಲೇ ನಿಂತಿದ್ದ ಫೋರ್ಮನ್ನನ ಮುಖ ಕೆಂಪಗಾಯಿತು. “ಮನೇಲಂತೂ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಇಲ್ಲೂ ಇಲ್ವಾ?” ಅಂದ. ಕೆಲಸದವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಹತ್ತಿರ ಹೋಗಿ, ಅವನಿಗಷ್ಟೇ ಕೇಳುವ ಹಾಗೆ, “ರೀ, ಬೇರೆ ಯಾರನ್ನಾದ್ರೂ ಇಳಿಸ್ಲಿ. ನೀವು ಬೇಡ” ಅಂದಳು.

ಅವನು ಅವಳನ್ನೇ ನೋಡಿದ. ಗೊತ್ತಾಗಿಬಿಟ್ಟಿದೆ ಅಂತ ಅವನಿಗೂ ಗೊತ್ತಾಯಿತು. ಹಗ್ಗ ತಗೊಂಡು ಸೊಂಟಕ್ಕೆ ಬಿಗಿದುಕೊಂಡ.

ಒಳಗೆ ಫ್ಯಾನಿನಿಂದ ಗಾಳಿ ಊದಿಸಿದರು. ಮೀಟರು ಇಳಿಸಿ ಗಾಳಿ ಸರಿಯಿದೆ ಅಂತ ಎರಡೆರಡು ಸಲ ನೋಡಿದರು. ಅವನು ಮುಚ್ಚಳದ ಮೇಲೆ ಬೋರಲು ಮಲಗಿ, ಟಾರ್ಚು ಹಿಡಿದು, ಭುಜ ಓರೆ ಮಾಡಿ ತೂತಿನೊಳಗೆ ಜಾರಿದ. ಒಂದು ಕಾಲನ್ನು ಫಿಟ್ಟರು ಹಿಡಿದ. ಇನ್ನೊಂದನ್ನು ಅವಳು ಯಾರನ್ನೂ ಕೇಳದೆ ಹಿಡಿದಳು.

ಟಾರ್ಚಿನ ಬೆಳಕು ಒಳಗೆ ಅಲುಗಾಡದೆ ನಿಂತಿತು.

“ಮಾತಾಡ್ತಾ ಇರಿ,” ಅಂದಳು.

“ಏನು ಮಾತಾಡ್ಲಿ?” ತೊಟ್ಟಿಯೊಳಗಿಂದ ದನಿ ಗುಂಯ್‌ಗುಟ್ಟಿತು.

“ಏನಾದ್ರೂ. ಬೇಕಾದ್ರೆ ನನ್ನನ್ನೇ ಬೈರಿ.”

ಅವನು ಬೈಯಲು ಶುರುಮಾಡಿದ. ಹಠಮಾರಿ ಅಂದ, ಹಿಡಿದ ಪಟ್ಟು ಬಿಡದವಳು ಅಂದ, ಇವಳನ್ನ ಕಟ್ಕೊಂಡ ಮೇಲೆ ಒಂದು ದಿನ ನೆಮ್ಮದಿಯಾಗಿ ಹಾಲು ಉಕ್ಕೋಕೂ ಬಿಟ್ಟಿಲ್ಲ, ಅದಕ್ಕೂ ಸೆಕೆಂಡು ಎಣಿಸ್ತಾಳೆ ಅಂದ. ಫಿಟ್ಟರು ತುಟಿ ಕಚ್ಚಿ ನಗು ತಡೆದುಕೊಂಡ. ಅಷ್ಟರಲ್ಲಿ ಬೈಗುಳ ನಡುವೆಯೇ ನಿಂತಿತು.

“ರೀ? ರೀ, ಕೇಳಿಸ್ತಾ?”

ಅವಳು ಎರಡೂ ಕೈಯಲ್ಲಿ ಕಾಲನ್ನು ಅವಚಿ ಹಿಡಿದಳು. ಇಂಜಿನಿಯರು ಹಗ್ಗಕ್ಕೆ ಕೈ ಹಾಕಿದರು.

“ಎಳೀರಿ,” ಅಂದಿತು ದನಿ. ಬಹಳ ಮೆಲ್ಲಗೆ.

ಮೂವರೂ ಸೇರಿ ಎಳೆದರು. ಅವನು ಎದ್ದು ಕೂತ, ಬೆವರಿಗೆ ಅಂಗಿ ಮೈಗಂಟಿತ್ತು. ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಿದ. ಪಟ್ಟಿಯ ಹಾಗೆ ಸುಲಿದು ಬರಬೇಕಿದ್ದ ಕಾಗದ ಅಂಗೈಯಲ್ಲಿ ಕಂದು ಪುಡಿಯಾಗಿ ಕೂತಿತ್ತು. ಗಾಜಿನ ಕೊಳವೆ, ಸೆಕೆಂಡು, ಯಾವುದೂ ಬೇಕಿರಲಿಲ್ಲ.

ಇಂಜಿನಿಯರು ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ, ಎಣ್ಣೆ ತುಂಬುವವರಿಗೆ ಬೇಡ ಅಂತ ಕೈಸನ್ನೆ ಮಾಡಿದರು. ಆಮೇಲೆ ಕೇಳಿದರು: “ಹಾಗಾದ್ರೆ ನಿನ್ನೆಯ ಚೂರು ಎಲ್ಲಿಂದ ಬಂತು?”

“ಲ್ಯಾಬಿನಲ್ಲಿ ಬಾಟಲಿ ಅದಲುಬದಲಾಗಿರಬೇಕು ಸರ್,” ಅಂದಳು ಅವಳು. ಹತ್ತೊಂಬತ್ತು ವರ್ಷದಲ್ಲಿ ಅರ್ಧ ಸೆಕೆಂಡು ಕೂಡ ಹೆಚ್ಚುಕಮ್ಮಿ ಬರೆದವಳಲ್ಲ.

“ಇಲ್ಲ ಸರ್, ಅವಳು ಸುಳ್ಳು ಹೇಳ್ತಿದ್ದಾಳೆ,” ಅಂದ ಗಂಡ. “ಅದು ಕೆಳಗಿನ ಸುರುಳಿದು. ಒಳಗೆ ಇಳಿಯೋಕೆ ನಂಗೆ ಹೆದರಿಕೆಯಾಯ್ತು.”

ಯಾರೂ ನಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲು, ಅದೂ ಹತ್ತು ಜನರ ಮುಂದೆ. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ನನ್ನ ಹತ್ರ ಹೇಳೋಕೇನಾಗಿತ್ತು ನಿಮಗೆ?” ಅಂದಳು.