ಅಜ್ಜಂಪುರದ ಮಾನ್ಯತೆ

ಒಂದು ಸರ್ಕಾರ ಉರುಳಿದ್ದರಲ್ಲಿ ನನ್ನ ಕೈವಾಡವಿದೆ. ನಿವೃತ್ತನಾದ ಮೇಲೆ ಇಂಥದ್ದನ್ನು ಒಪ್ಪಿಕೊಳ್ಳಲು ಹೆದರಬೇಕಾಗಿಲ್ಲ.

ಮನೆ ಕಡೂರಿನಲ್ಲಿ, ಚರಿತ್ರೆ ಕಲಿಸುತ್ತಿದ್ದ ಶಾಲೆ ಶಿವನಿಯಲ್ಲಿ. ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿ, ಅದೇ ಬೋಗಿ, ಅದೇ ಹತ್ತು ಜನ ಪಾಸಿನವರು. ನಮಗೊಬ್ಬರು ಅಧ್ಯಕ್ಷರೂ ಇದ್ದರು: ಶಿವನಿಯಿಂದಾಚೆ ಕಚೇರಿಗೆ ಹೋಗುವ ಹಿರಿಯ ಗುಮಾಸ್ತರು. ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ. ಗಾಡಿ ನಿಲ್ಲುವ ಮೊದಲೇ ಕಿಟಕಿಯ ಸರಳಿನ ನಡುವೆ ಟವೆಲ್ ತೂರಿಸಿದವರದ್ದೇ ಆ ಸೀಟು; ಇದು ನಮ್ಮ ಸಂವಿಧಾನದ ಮೊದಲ ಹಾಗೂ ಕೊನೆಯ ವಿಧಿ. ಅವರ ಬಿಳಿ ಟವೆಲ್ ವರ್ಷಾನುಗಟ್ಟಲೆ ಆ ಕಿಟಕಿಯನ್ನು ಆಳಿತು.

ಉಳಿದವರು ಇದನ್ನು ದರ್ಪ ಎಂದುಕೊಂಡಿದ್ದರು. ಎದುರು ಕೂರುತ್ತಿದ್ದ ನನಗೆ ಮಾತ್ರ ನಿಜ ಗೊತ್ತಿತ್ತು. ಗಾಡಿ ಅಜ್ಜಂಪುರದಲ್ಲಿ ನಿಲ್ಲುವ ಒಂದು ನಿಮಿಷಕ್ಕೆಂದು ಅವರ ಅಕ್ಕ ಪ್ಲಾಟ್‌ಫಾರಂಗೆ ಬರುತ್ತಿದ್ದರು. ಕಣ್ಣು ಮಂಜು. ಬಾಗಿಲಿಂದ ಮೂರನೇ ಕಿಟಕಿ ತಡವಿ ಸರಳೊಳಗೆ ಕೈ ಚಾಚಿದರೆ ತಮ್ಮನ ಕೈ ಸಿಗಬೇಕು. ಎಳ್ಳು ಬೆಲ್ಲದ ಒಂದು ಚಿಗಳಿ ಉಂಡೆ ಈ ಕೈಯಿಂದ ಆ ಕೈಗೆ. ಅಷ್ಟೇ.

ಅಧ್ಯಕ್ಷರು ಬಾಣಂತಿ ಮಗಳನ್ನು ನೋಡಲು ಹದಿನೈದು ದಿನ ರಜೆ ಹಾಕಿ ತರೀಕೆರೆಗೆ ಹೋದರು. ಹೊತ್ತು ಹೋಗಲೆಂದು ನಾನು ಸಿಸ್ಕೈ ಎಂಬ ನಾಡಿನ ಕತೆ ತೆಗೆದೆ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಅಲ್ಲಿನ ಮೂಲನಿವಾಸಿ ಷೋಸಾ ಜನರಿಗೆ ಒಂದಿಷ್ಟು ನೆಲಕ್ಕೆ ಗೆರೆ ಎಳೆದು ಕೊಟ್ಟು, ಇನ್ನು ಇದೇ ನಿಮ್ಮ ದೇಶ, ಮಿಕ್ಕ ಕಡೆ ನೀವು ಪರದೇಶಿಗಳು ಅಂದಿತು. ಬಾವುಟ ಬಂತು, ಅಧ್ಯಕ್ಷ ಬಂದ. ಹೊರಗಿನ ಪ್ರಪಂಚ ಮಾತ್ರ ಅದನ್ನು ದೇಶವೆಂದು ಒಪ್ಪಲಿಲ್ಲ. ಆ ಅಧ್ಯಕ್ಷ ವಿದೇಶಕ್ಕೆ ಹೋಗಿದ್ದಾಗ ಸೈನ್ಯ ಕುರ್ಚಿ ಹಿಡಿಯಿತು. ಹಿಡಿಯುವಾಗ ರಕ್ತ ಹರಿಯಲಿಲ್ಲ.

ಕೇಳುತ್ತಿದ್ದವರಲ್ಲಿ ಯಗಟಿಯ ನಿವೃತ್ತ ಹವಾಲ್ದಾರರೊಬ್ಬರಿದ್ದರು. ಬ್ಯಾಂಕ್ ಕಾವಲಿನ ಕೆಲಸ ಸಿಕ್ಕಿ ಹೊಸದಾಗಿ ಪಾಸು ಮಾಡಿಸಿದವರು.

"ಅಧ್ಯಕ್ಷ ಊರಲ್ಲಿರ್ಲಿಲ್ವಾ ಮೇಷ್ಟ್ರೇ?"

"ಇರ್ಲಿಲ್ಲ ಕಣ್ರೀ."

"ಹ್ಞೂಂ" ಎಂದರು. ಮರುದಿನ ಆ ಕಿಟಕಿಯಲ್ಲಿ ಹಸಿರು ಟವೆಲ್.

ಹವಾಲ್ದಾರರ ಆಡಳಿತ ಚೆನ್ನಾಗಿಯೇ ಇತ್ತೆನ್ನಬೇಕು. ಮೊದಲು ಇಳಿಯುವವರು ಬಾಗಿಲ ಬಳಿ, ಕಡಲೆಕಾಯಿ ಸಿಪ್ಪೆ ಪೊಟ್ಟಣದಲ್ಲಿ. ಅಕ್ಕನ ವಿಷಯ ನಾನು ಹೇಳಬಹುದಿತ್ತು. ಹೇಳಲಿಲ್ಲ. ಬದುಕೆಲ್ಲ ಚರಿತ್ರೆಯನ್ನು ಓದಿಯೇ ಕಳೆದವನಿಗೆ ಒಮ್ಮೆ ನಡೆಯುವುದನ್ನು ನೋಡುವ ಚಪಲ.

ಅಧ್ಯಕ್ಷರು ಮರಳಿದ ದಿನ ಬಿಳಿ ಟವೆಲ್ ಎಂದಿನಂತೆ ತೂರಿಬಂದು, ಗಾಡಿ ನಿಲ್ಲುವ ಮೊದಲೇ ಆಚೆ ಬಾಗಿಲಿಂದ ಹತ್ತಿ ಕೂತಿದ್ದ ಹವಾಲ್ದಾರರ ತೊಡೆಯ ಮೇಲೆ ಬಿತ್ತು. ಅವರು ಅದನ್ನು ಚೌಕವಾಗಿ ಮಡಚಿ, ಎರಡೂ ಕೈಯಲ್ಲಿ ಹಿಂದಿರುಗಿಸಿದರು.

"ಏನಪ್ಪಾ ಇದು?"

"ಸರ್ಕಾರ ಬದ್ಲಾಗಿದೆ ಸಾರ್. ರಕ್ತ ಗಿಕ್ತ ಏನಿಲ್ಲ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

ಪದಚ್ಯುತರು ನನ್ನ ಪಕ್ಕ ಕೂತರು. ಬೀರೂರು ದಾಟಿದ ಮೇಲೆ ಅವರ ಕಣ್ಣು ಕಿಟಕಿ ಬಿಡಲಿಲ್ಲ. ಹದಿನೈದು ದಿನ ಸ್ಟೇಷನ್ನಿಗೆ ಬಾರದಿದ್ದ ಅಕ್ಕನಿಗೆ ಇವತ್ತು ಬರುತ್ತೇನೆಂದು ಫೋನ್ ಮಾಡಿಯಾಗಿತ್ತು.

"ಹೇಳ್ಬಿಡಿ ಅವರಿಗೆ," ಎಂದು ಪಿಸುಗುಟ್ಟಿದೆ.

"ನನ್ ಕಿಟಕಿ ನಾನೇ ಬೇಡ್ಲಾ? ಸುಮ್ನಿರ್ರೀ, ಎಲ್ಲಾ ನಿಮ್ಮಿಂದ್ಲೇ."

ಅಜ್ಜಂಪುರ ಬಂತು. ನುಗ್ಗಿದ ಜನ ನಮ್ಮ ಮತ್ತು ಕಿಟಕಿಯ ನಡುವೆ ಗೋಡೆಯಾದರು. ಸರಳೊಳಗೆ ಸುಕ್ಕುಗಟ್ಟಿದ ಕೈಯೊಂದು ಬಂದು ಹವಾಲ್ದಾರರ ಕೈಯನ್ನು ಭದ್ರವಾಗಿ ಹಿಡಿಯಿತು.

"ಬಂದ್ಯೇನೋ? ಲೇ, ಕೈ ಯಾಕೋ ಇಷ್ಟು ಒರಟಾಗೈತೆ? ಮಗಳ ಮನೇಲಿ ಸೌದೆ ಒಡಿಸಿದ್ರಾ?"

ಗಡಿಯಲ್ಲಿ ನಿಂತು ಬಂದ ಮನುಷ್ಯ ದಡಬಡಿಸಿ ಎದ್ದು, ಮೇಲಿನ ಬರ್ತಿಗೆ ತಲೆ ಹೊಡೆಸಿಕೊಂಡರು. "ಅಮ್ಮಾ, ಒಂಚೂರು ತಡೀರಿ!" ಎಂದವರೇ ಜನರ ಸಂದಿಯಿಂದ ಗುಮಾಸ್ತರ ರಟ್ಟೆ ಹಿಡಿದು ಕಿಟಕಿಗೆ ಎಳೆದರು. ಉಳಿದದ್ದು ಕಾಲು ನಿಮಿಷ. ಸಾಕಾಯಿತು.

ಗಾಡಿ ಹೊರಟ ಮೇಲೆ ಹವಾಲ್ದಾರರು ನನ್ನ ಕಡೆ ತಿರುಗಿದರು.

"ಮೊದ್ಲೇ ಹೇಳಕ್ಕೇನಾಗಿತ್ತು ಮೇಷ್ಟ್ರೇ ನಿಮ್ಗೆ?"

ನಾನು ಪತ್ರಿಕೆ ಬಿಡಿಸಿದೆ.

ಆ ಸಂಜೆಯೇ ಒಪ್ಪಂದವಾಯಿತು. ಅಜ್ಜಂಪುರದವರೆಗೆ ಕಿಟಕಿ ಗುಮಾಸ್ತರದು, ಆಮೇಲೆ ಹವಾಲ್ದಾರರದು. ನಮ್ಮ ಸರ್ಕಾರವನ್ನು ನಾವು ಪಾಸಿನವರು ಬಿಟ್ಟು ಯಾರೂ ಒಪ್ಪಿರಲಿಲ್ಲ; ಮರುದಿನ ಮೊದಲ ಮಾನ್ಯತೆ ಬಂತು. ಸರಳೊಳಗೆ ಬಂದ ಕೈಯಲ್ಲಿ ಚಿಗಳಿ ಎರಡಿದ್ದವು.

"ಇನ್ನೊಂದು ಆ ಒರಟು ಕೈಯವನಿಗೆ ಕಣೋ."

ಮೇಷ್ಟ್ರಿಗೆ ಇಂದಿಗೂ ಬಂದಿಲ್ಲ.