ಕುಲಕರ್ಣಿ ಸರ್ ರಜೆಗಾಗಿ ಒಂದು ಸಾಲು

ಕರೆಂಟ್ ಹೋದರೆ ಮಲಗುತ್ತೆ, ಬಂದರೂ ಏಳಲ್ಲ, ಧಾರವಾಡದವರು ಎಬ್ಬಿಸಿದರೆ ಮಾತ್ರ ಏಳುತ್ತೆ. ಏನದು ಹೇಳಿ? ಬಿಡಿ, ನಿಮಗೆ ಹೊಳೆಯಲ್ಲ. ಅದು ಯಶವಂತಪುರದ ನಮ್ಮ ಆಫೀಸಿನ ಡೇಟಾಬೇಸ್.

ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದ ನಾನು ಅಲ್ಲಿ ಪ್ರಿಂಟರಿಗೆ ಕಾಗದ ಹಾಕುತ್ತಾ ಕಂಪ್ಯೂಟರ್ ಕೆಲಸ ನೋಡಿ ನೋಡಿ ಕಲಿತಿದ್ದೆ. ಪ್ರತಿ ಸಲ ಕರೆಂಟ್ ಬಂದು ಕಂಪ್ಯೂಟರ್ ಶುರುವಾದ ಮೇಲೆ ಡೇಟಾಬೇಸ್ ಎಬ್ಬಿಸುವ ಆಜ್ಞೆಯ ಸಾಲನ್ನು ಧಾರವಾಡದ ಕುಲಕರ್ಣಿ ಸರ್ ಒಬ್ಬರೇ ಟೈಪ್ ಮಾಡಬೇಕಿತ್ತು. ಹಾಗಾಗಿ ಮುಂದಿನ ವಾರ ಇದ್ದ ಅವರ ತಂಗಿ ಮದುವೆಗೂ ಅವರಿಗೆ ರಜೆ ಇಲ್ಲ.

"ಸರ್, ಕಂಪ್ಯೂಟರ್ ಏಳುವಾಗ ತಾನೇ ಓದಿಕೊಳ್ಳೋ ಪಟ್ಟಿ ಇದೆಯಲ್ಲ, ಅದರಲ್ಲೇ ಈ ಸಾಲು ಬರೆದುಬಿಡೋಣ," ಅಂದೆ.

"ಭಾಳ ಶಾಣ್ಯಾ ಆಗೀದಿ ಬಿಡಲೇ," ಅಂದರು. ಆದರೂ ಕುರ್ಚಿ ಬಿಟ್ಟುಕೊಟ್ಟರು.

ಕಾಗದದ ತಲೆಗೆ ಶ್ರೀ ಬರೆಯುವ ಹಾಗೆ ಆ ಸಾಲನ್ನು ಪಟ್ಟಿಯ ತುತ್ತತುದಿಗೆ ಹಾಕಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ, ಫೈಲೇ ಇಲ್ಲ ಅಂತ ಡೇಟಾಬೇಸ್ ಮುಷ್ಕರ ಹೂಡಿತು. ಸರ್ ಮುಖ ಬಿಳಿಚಿಕೊಂಡಿತು.

"ಏನ್ ಮಾಡಿದ್ಯೋ ಖೋಡಿ! ಲಗ್ನ ಅತ್ಲಾಗಿರ್ಲಿ, ನೌಕರೀನ ಹೋತಲ್ಲೋ!"

"ತಾಳಿ ಸರ್. ಕಂಪ್ಯೂಟರ್ ಪಟ್ಟೀನ ಮೇಲಿಂದ ಓದುತ್ತೆ, ಫೈಲ್ ಇರೋ ಡಿಸ್ಕನ್ನು ಜೋಡಿಸೋ ಸಾಲು ಕೆಳಗಿದೆ. ಎಲೆ ಹಾಕೋಕೆ ಮುಂಚೆ ಸಾರು ಬಡಿಸಿದೀನಿ, ಅಷ್ಟೇ."

ನನ್ನ ಸಾಲನ್ನು ಕಟ್ಟಕಡೆಗೆ ಇಳಿಸಿದೆ. ಈ ಸಲ ಯಾರೂ ಕೀಲಿ ಮುಟ್ಟದೆ ಡೇಟಾಬೇಸ್ ತಾನಾಗೇ ಎದ್ದಿತು. ಸರ್ ಅಲ್ಲೇ ರಜೆ ಅರ್ಜಿ ಬರೆದರು.

ಮದುವೆ ದಿನ ಮೂರು ಸಲ ಕರೆಂಟ್ ಹೋಯಿತು. ಮೂರೂ ಸಲ ಡೇಟಾಬೇಸ್ ತಾನೇ ಎದ್ದಿತು, ಮ್ಯಾನೇಜರ್ ನನಗೆ ಕೈಮುಗಿದರು.

ಈ ಕೊನೇ ಮಾತು ಮಾತ್ರ ನಾನು ಕಟ್ಟಿದ ಕತೆ ಕಣ್ರೀ. ಅವತ್ತು ಹಾಳಾದ ಕರೆಂಟ್ ಹೋಗಲೇ ಇಲ್ಲ.