ಬೀರುವಿನಲ್ಲಿಟ್ಟ ಹಸಿರು ಬಳೆ

ಯಾರಾದರೂ ಇಂಥ ಕತೆ ಹೇಳಲು ಕೂತರೆ ನಾನು ಎದ್ದು ಹೋಗುತ್ತಿದ್ದೆ. ಯಲಹಂಕದ ಹತ್ತಿರ ನಾನು ಮೇಲ್ವಿಚಾರಕಿಯಾಗಿದ್ದ ಸಣ್ಣ ಗಾರ್ಮೆಂಟ್ಸ್‌ನಲ್ಲಿ, ಹಿಂದಿನ ಓಣಿಯಲ್ಲಿ ಏನೋ ಓಡಾಡುತ್ತದೆ ಎಂದು ಹುಡುಗಿಯರು ಹೆದರುತ್ತಿದ್ದರು. ಅಲ್ಲಿಗೊಂದು ಟ್ಯೂಬ್‌ಲೈಟ್ ಹಾಕಿಸಿದೆ. ಮಾರನೇ ದಿನದಿಂದ ಏನೂ ಓಡಾಡಲಿಲ್ಲ. ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಮಾತ್ರ ಹಾಗೆ ಸುಲಭವಾಗಿ ಮುಗಿಸಲು ನನಗೆ ಇವತ್ತಿಗೂ ಆಗಿಲ್ಲ.

ನಾನು ಗಡಿಯಾರದ ಹೆಂಗಸು. ಬೆಳಗ್ಗೆ ಐದಕ್ಕೆ ಏಳುವುದು, ಏಳೂಕಾಲಿಗೆ ಸಂಜಯನಗರದ ಮನೆಗೆ ಬೀಗ ಹಾಕುವುದು, ಎಂಟೂವರೆಗೆ ಕೆಲಸ ಶುರುವಾಗುವಷ್ಟರಲ್ಲಿ ನನ್ನ ಮೇಜಿನ ಮುಂದಿರುವುದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೇಡಮ್ಮೋರು ಸೀನೋಕೂ ಗಂಟೆ ನೋಡ್ಕೋತಾರೆ ಎಂದು, ಹೊಲಿದ ಬಟ್ಟೆ ತಪಾಸಣೆ ಮಾಡುವ ಪುಟ್ಟೇನಹಳ್ಳಿಯ ಮುನಿಯಮ್ಮ ನನ್ನ ಕಿವಿಗೆ ಬೀಳುವಂತೆಯೇ ಹೇಳುತ್ತಿದ್ದಳು.

ನಾವು ಹೊಲಿಯುತ್ತಿದ್ದುದು ಹೊರದೇಶಕ್ಕೆ ಹೋಗುವ ಹಸುಗೂಸುಗಳ ಅಂಗಿ. ಒಂದು ಸೂಜಿ ಮುರಿದರೆ ಅದರ ಎಲ್ಲ ಚೂರೂ ಸಿಗುವವರೆಗೆ ಆ ಮಿಷನ್ ಓಡುವಂತಿಲ್ಲ. ಗಾಜಿನ ಬಳೆಯಂತೂ ಬಾಗಿಲ ಒಳಗೆ ಬರುವಂತೆಯೇ ಇಲ್ಲ.

ಗಿರಿಜಾ ಕೊಪ್ಪಳದ ಕಡೆಯವಳು. ನಮ್ಮಲ್ಲಿ ಕಾಲರು ಹೊಲಿಯುವುದರಲ್ಲಿ ಅವಳ ಕೈಗೆ ಸಮ ಇನ್ನೊಬ್ಬರಿರಲಿಲ್ಲ. ಗಂಡನಿಗೆ ಯಶವಂತಪುರದ ಮಂಡಿಯಲ್ಲಿ ಕೆಲಸ. ಏಳನೇ ತಿಂಗಳಲ್ಲಿ ಊರಿಗೆ ಹೋಗಿ ಕುಬಸ ಮಾಡಿಸಿಕೊಂಡು ಬಂದಳು. ಬಸಿರಿಗೆ ತವರಿನವರು ಮಾಡುವ ಶಾಸ್ತ್ರ ಅದು. ಎರಡೂ ಕೈ ತುಂಬ ಹಸಿರು ಬಳೆ. ಬಾಗಿಲಲ್ಲೇ ತಡೆದು ತೆಗೆಯಲು ಹೇಳಿದೆ.

“ಹೆರಿಗಿ ತನಕ ತೆಗೀಬಾರದ್ರಿ ಮೇಡಂ. ಅವ್ವ ಹಾಕ್ಯಾಳ” ಎಂದಳು.

ನಿಯಮ ಎಲ್ಲರಿಗೂ ಒಂದೇ ಎಂದೆ. ಅವಳು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿ ತಂದುಕೊಟ್ಟಳು. ಇಪ್ಪತ್ತೊಂದು. ಹತ್ತಿಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ನನ್ನ ಮೇಜಿನ ಹಿಂದಿನ ಬೀರುವಿಗೆ ಬೀಗ ಹಾಕಿದೆ. ಸಂಜೆ ವಾಪಸ್ಸು ಕೊಟ್ಟೆ. ಅಲ್ಲಿಂದ ಮುಂದೆ ದಿನವೂ ಇದೇ ಕ್ರಮ.

ಒಂಬತ್ತು ತುಂಬುತ್ತ ಬಂತು. ಇನ್ನು ರಜೆ ಹಾಕು ಎಂದು ನಾನೇ ಹೇಳಿದೆ. “ಈಗ ತಗೊಂಡ್ರ ಆಮ್ಯಾಲೆ ಕೂಸಿನ ಜೋಡಿ ಇರಾಕ ಸಾಲಂಗಿಲ್ರಿ” ಎಂದಳು. ನಮ್ಮಲ್ಲಿ ಎಲ್ಲ ಬಸಿರಿಯರ ಲೆಕ್ಕಾಚಾರವೂ ಅದೇ ಆಗಿತ್ತು. ಈಗ ಉಳಿಸಿದ ಒಂದೊಂದು ದಿನವೂ ಆಮೇಲೆ ಮಗುವಿನ ಜೊತೆ ಕಳೆಯುವ ದಿನ. ಹೊಲದ ಕೆಲಸ ಮುಗಿಸಿಕೊಂಡು ಇನ್ನು ಹದಿನೈದು ದಿನಕ್ಕೆ ಅವಳ ತಾಯಿ ಬರುವವರಿದ್ದರು. ಯಲಹಂಕ ಜಂಕ್ಷನ್ ಕಡೆಯಿಂದ ರೈಲಿನ ಕೂಗು ಕೇಳಿದಾಗಲೆಲ್ಲ ಗಿರಿಜಾಳ ಮಿಷನ್ ಒಂದು ಕ್ಷಣ ನಿಲ್ಲುತ್ತಿತ್ತು. ಅಷ್ಟರ ಮಟ್ಟಿಗೆ ನಾನು ಅದನ್ನು ಕಾಣದವಳಂತೆ ಇರುತ್ತಿದ್ದೆ.

ಆ ದಿನ ಬೆಳಗ್ಗೆ ಬಳೆ ಬೇಗ ಬರಲಿಲ್ಲ. ಎರಡು ಸಲ ಸೋಪು ಹಚ್ಚಿಕೊಂಡಳು. ನಾನು ಗಡಿಯಾರ ನೋಡುತ್ತ ನಿಂತಿದ್ದೆ. ಮಧ್ಯಾಹ್ನ ಮೂರಕ್ಕೆ ನನ್ನ ಮೇಜಿಗೆ ಬಂದು, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಹತ್ತು ನಿಮಿಷ ಅಡ್ಡಾಗಲೇ ಎಂದು ಕೇಳಿದಳು. ಮೂರೂವರೆಗೆ ಟೀ ಬಿಡುವು. “ಅರ್ಧ ಗಂಟೆ ತಡ್ಕೊಳಮ್ಮ, ಬಿಡುವಲ್ಲಿ ಮಲ್ಕೊಳ್ಳುವೆಯಂತೆ” ಎಂದೆ. ಅವಳು ಹೋಗಿ ಮತ್ತೆ ಕೂತಳು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬಿಡುವು ಮುಗಿದು ಮಿಷನ್‌ಗಳು ಮತ್ತೆ ಶುರುವಾದವು. ನಾನು ಬೀರುವಿಗೆ ಬೆನ್ನು ಮಾಡಿ ಆ ದಿನದ ವರದಿ ಬರೆಯುತ್ತಿದ್ದೆ. ಹಿಂದಿನಿಂದ ಬಳೆಯ ಸದ್ದು ಬಂತು. ಡಬ್ಬಿಯಲ್ಲಿ ಏನೋ ಅಲುಗಾಡಿದ ಸದ್ದಲ್ಲ. ಹೆಂಗಸೊಬ್ಬಳು ಕೈ ಎತ್ತಿ ಬೀಸಿ ಯಾರನ್ನೋ ಕರೆದರೆ ಬಳೆಗಳು ಮೊಳಕೈಗೆ ಜಾರಿ ಮತ್ತೆ ಮಣಿಕಟ್ಟಿಗೆ ಬರುತ್ತವಲ್ಲ, ಆ ಸದ್ದು. ಅರವತ್ತು ಮಿಷನ್ ಓಡುತ್ತಿದ್ದವು. ಆದರೂ ಸ್ಪಷ್ಟವಾಗಿ, ಮೂರು ಸಲ.

ಬೀಗ ತೆಗೆದು ನೋಡಿದೆ. ಬಟ್ಟೆಯ ಮಡಿಕೆ ಕೂಡ ನಾನು ಇಟ್ಟ ಹಾಗೆಯೇ ಇತ್ತು. ಪಕ್ಕದ ಮೇಜಿನ ಮುನಿಯಮ್ಮನನ್ನು ಕೇಳಿದೆ. “ಈ ಮಿಸನ್ ಸದ್ನಾಗೆ ನಂಗೆ ನನ್ ಮಾತೇ ಕೇಳ್ಸಾಕಿಲ್ಲ, ಬಳೆ ಸದ್ದಂತೆ” ಎಂದು ನಕ್ಕಳು. ಆಗ ತಿರುಗಿ ಗಿರಿಜಾಳ ಜಾಗ ನೋಡಿದೆ. ಖಾಲಿ ಇತ್ತು.

ನಾನು ಕೆಲಸದ ಹೊತ್ತಿನಲ್ಲಿ ಓಡಿದವಳಲ್ಲ. ಅವತ್ತು ಓಡಿದೆ. ಬಿಡುವಿನಲ್ಲಿ ಹುಡುಗಿಯರು ಅಡ್ಡಾಗುವ ಹಿಂದಿನ ಬಟ್ಟೆ ಕೋಣೆಯಲ್ಲಿ, ಥಾನುಗಳ ಮಧ್ಯೆ ಅವಳು ಬಿದ್ದಿದ್ದಳು. ಹಲ್ಲು ಕಚ್ಚಿಕೊಂಡು ಮೈ ಅದುರುತ್ತಿತ್ತು. ಸರಕಿನ ವ್ಯಾನಿನಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ರಕ್ತದೊತ್ತಡ ಏರಿ ಫಿಟ್ಸ್ ಬಂದಿದೆ ಎಂದರು. ಆ ಸಂಜೆಯೇ ಆಪರೇಷನ್ ಮಾಡಿ ಹೆಣ್ಣು ಮಗುವನ್ನು ತೆಗೆದರು. ಮಗು ಚಿಕ್ಕದು, ಆದರೆ ಗಟ್ಟಿಯಾಗಿ ಅತ್ತಿತು. ತಾಯಿಯೂ ಉಳಿದಳು.

ನನ್ನ ತಂಗಿಯ ಮಗ ಡಾಕ್ಟರು. ಕೈ ಊದಿ ಬಳೆ ಬಾರದ್ದನ್ನು ಬೆಳಗ್ಗೆ ನೋಡಿದ್ದೀರಿ ದೊಡ್ಡಮ್ಮ, ಒಳಗೆಲ್ಲೋ ಹೆದರಿಕೆ ಕೂತಿತ್ತು, ಅದೇ ಸದ್ದಾಗಿ ಕೇಳಿಸಿದೆ ಎಂದು ಹೇಳುತ್ತಾನೆ. ಇರಬಹುದು. ನಾನೂ ಹಾಗೇ ಅಂದುಕೊಳ್ಳಲು ಪ್ರಯತ್ನಿಸಿದ್ದೇನೆ. ಆದರೆ ನಾನು ಅವಳ ಕೈ ನೋಡಿರಲಿಲ್ಲ, ಗಡಿಯಾರ ನೋಡುತ್ತಿದ್ದೆ.

ಮಾರನೇ ದಿನ ಗಿರಿಜಾಳ ತಾಯಿ ಬಂದರು. ಆ ಹೊತ್ತಿಗೆ ಗಿರಿಜಾ ಒಂದೆರಡು ಮಾತಾಡುತ್ತಿದ್ದಳು. ಬೀಳುವ ಮೊದಲು ಅವ್ವನನ್ನು ಕೂಗಬೇಕೆನಿಸಿತು, ಬಾಯಿಂದ ದನಿ ಹೊರಡಲಿಲ್ಲ, ಕೈ ಎತ್ತಿದೆ, ಮುಂದೆ ನೆನಪಿಲ್ಲ ಎಂದಳು. ನಾನು ಹೊರಗಿನ ಬೆಂಚಿನ ಮೇಲೆ ಆ ತಾಯಿಯ ಪಕ್ಕ ಕೂತು ಬಳೆ ಡಬ್ಬಿ ಕೊಟ್ಟು, ಎಲ್ಲವನ್ನೂ ಹೇಳಿದೆ. ಮಲಗಲು ಬಿಡದಿದ್ದದ್ದು, ಆಮೇಲೆ ಕೇಳಿದ ಸದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಸಮಯವನ್ನು. ನಾಲ್ಕಕ್ಕೆ ಹತ್ತು ನಿಮಿಷ ಇತ್ತು ಎಂದೆ.

“ಅಷ್ಟೊತ್ತಿಗೆ ಅಂಗಳದಾಗ ಕುಂತು ಶೇಂಗಾ ಸುಲಿಯಾಕತ್ತಿದ್ದೆ. ಒಂದು ಕಾಗಿ ಸೈತ ಕೂಗಲಿಲ್ಲ” ಎಂದರು. “ಬಳಿ ಹಾಕಿದಾಕಿ ನಾನು. ಆಕಿ ಕರದದ್ದು ನನ್ನ. ನನಗ್ಯಾಕ ಕೇಳಲಿಲ್ರಿ ಅಕ್ಕಾರ?”

ಯಾರೂ ಅವ್ವಾ ಎಂದು ಕರೆಯದ ನನ್ನ ಕಿವಿಗೆ ಅದು ಯಾಕೆ ಬಂತೋ ಗೊತ್ತಿಲ್ಲ.

ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಹಿಂಗ ಇತ್ತೇನ್ರಿ ಎಂದು ನನ್ನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು. ಹೀಗಿರಲಿಲ್ಲ ಎಂದೆ. ಅವರು ಬಳೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೆಗೆದು, ಬರೀ ಬಳೆಗಳಿದ್ದ ಡಬ್ಬಿಯನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಅಲ್ಲಾಡಿಸಿದರು.